ಅಲಸಂದೆ ಬೇರಿನ ಕೆಂಪು ಗಂಟು

ಕೇಳುಗರಿಗೆ ನಮಸ್ಕಾರ.

ಮಳೆ ಬಿದ್ದು ನೆಲ ಮೆತ್ತಗಾದಾಗ ಒಂದು ಕೆಲಸ ಮಾಡಿ. ಬಿತ್ತಿ ತಿಂಗಳು, ಒಂದೂವರೆ ತಿಂಗಳಾದ ಅಲಸಂದೆ ಗಿಡ ಒಂದನ್ನು ಆರಿಸಿಕೊಳ್ಳಿ. ಜಗ್ಗಿ ಕೀಳಬೇಡಿ, ಬೇರು ಹರಿದುಹೋಗುತ್ತದೆ. ಸುತ್ತ ಅಗೆದು ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಮೆಲ್ಲಗೆ ಅದ್ದಿ ತೊಳೆಯಿರಿ. ಬೇರಿಗೆ ಅಂಟಿಕೊಂಡ ಗಂಟುಗಳು ಕಾಣುತ್ತವೆ. ಕೆಲವು ಸಾಸಿವೆಯಷ್ಟು, ಕೆಲವು ಕಾಳುಮೆಣಸಿನಷ್ಟು. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪು!

ಮೊದಲ ಸಲ ನೋಡಿದಾಗ ಗಿಡಕ್ಕೂ ರಕ್ತ ಇದೆಯಾ ಅಂತ ಬೆರಗಾಗಿದ್ದೆ. ಆ ಊಹೆ ತೀರಾ ತಪ್ಪೂ ಅಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ನೆಂಟನಾದ ಲೆಗ್‌ಹಿಮೋಗ್ಲೋಬಿನ್ ಅಲ್ಲಿದೆ.

ಗಂಟಿನೊಳಗೆ ಬದುಕುವುದು ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ. 1888ರಲ್ಲಿ ಹಾಲೆಂಡ್‌ನ ವಿಜ್ಞಾನಿ ಬೈಜರಿಂಕ್ ಇವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಒಂದೇ ಕೋಶದ ಜೀವಿ. ನಮ್ಮ ಕೋಶಗಳಲ್ಲಿರುವಂಥ ಕೋಶಕೇಂದ್ರ ಇದಕ್ಕಿಲ್ಲ. ಡಿಎನ್‌ಎ ಯಾವ ಚೀಲವೂ ಇಲ್ಲದೆ ಸುಮ್ನೆ ಒಳಗೆ ಸುರುಳಿ ಸುತ್ತಿಕೊಂಡಿರುತ್ತದೆ. ಆದರೆ ಗಿಡಕ್ಕೆ ಬಾರದ ವಿದ್ಯೆ ಇದಕ್ಕೆ ಗೊತ್ತು.

ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕ ಇದೆ, ಅಲ್ವಾ? ಗಿಡ ಅದರ ನಡುವೆಯೇ ನಿಂತಿದ್ದರೂ ಅದನ್ನು ನೇರವಾಗಿ ಬಳಸಲಾರದು. ಸಾರಜನಕದ ಎರಡು ಪರಮಾಣುಗಳು ಮೂರು ಕೊಂಡಿ ಹಾಕಿ ಬಿಗಿದುಕೊಂಡಿವೆ. ಕಾರ್ಖಾನೆಯಲ್ಲಿ ಯೂರಿಯಾಕ್ಕೆ ಬೇಕಾದ ಅಮೋನಿಯ ತಯಾರಿಸಲು ಸುಮಾರು 400ರಿಂದ 500 ಡಿಗ್ರಿ ಶಾಖ ಬೇಕು, ಭಾರೀ ಒತ್ತಡವೂ ಬೇಕು. ಈ ಬ್ಯಾಕ್ಟೀರಿಯಾ ತಣ್ಣನೆ ಮಣ್ಣಲ್ಲೇ ಆ ಕೊಂಡಿ ಬಿಡಿಸುತ್ತದೆ, ನೈಟ್ರೋಜಿನೇಸ್ ಎಂಬ ಕಿಣ್ವದಿಂದ.

ತೊಡಕೊಂದಿದೆ. ಆಮ್ಲಜನಕ ಸೋಕಿದರೆ ಆ ಕಿಣ್ವ ಕೆಡುತ್ತದೆ. ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಆಗ ನೆರವಿಗೆ ಬರುವುದೇ ಆ ಕೆಂಪು ವಸ್ತು. ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬೇಕಾದಷ್ಟೇ ತಲುಪಿಸುತ್ತದೆ. ಎಷ್ಟು ಸಲ ಹೇಳಿದರೂ ನನಗೆ ಇದು ಹಳತಾಗಿಲ್ಲ.

ಅದಕ್ಕೇ ಸೀಳಿ ಬಣ್ಣ ನೋಡಿ ಅಂದದ್ದು. ಕೆಂಪಿದ್ದರೆ ಕೆಲಸ ನಡೆಯುತ್ತಿದೆ. ಹಸಿರು, ಕಂದು ಬಣ್ಣಕ್ಕೆ ತಿರುಗಿದ್ದರೆ ಗಂಟಿಗೆ ವಯಸ್ಸಾಗಿದೆ. ಬೆಳ್ಳಗಿದ್ದರೆ ಇನ್ನೂ ಎಳೆಯದು, ಇಲ್ಲವೇ ಕೈಲಾಗದ ಬ್ಯಾಕ್ಟೀರಿಯಾ ತಳಿ ಒಳಸೇರಿದೆ. ಬೆರಳಿನಿಂದ ತಳ್ಳಿದರೂ ಉದುರದೆ, ಬೇರೇ ಊದಿಕೊಂಡಂತಿದ್ದರೆ ಅದು ಬೇರಿಗೆ ಹತ್ತುವ ಜಂತುಹುಳದ (ನೆಮಟೋಡ್) ಗಂಟು. ಅದು ರೋಗ.

ಗಿಡವೇನೂ ಪುಕ್ಕಟೆ ಪಡೆಯುವುದಿಲ್ಲ. ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ಯೂರಿಯಾ ಜಾಸ್ತಿ ಸುರಿದರೆ ಈ ಕೊಡುಕೊಳೆಯೇ ಬೇಡವಾಗಿ ಗಂಟು ಕಡಿಮೆಯಾಗುತ್ತವೆ. ರಾಗಿ ಹೊಲದ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದೆ ಇದ್ದರೆ ಅವುಗಳ ಬೇರು, ಎಲೆ ಕೊಳೆತು ಮುಂದಿನ ಬೆಳೆಗೂ ಸಾರಜನಕ ಸಿಗುತ್ತದೆ.

ರೈಜೋಬಿಯಂ ಪುಡಿ ತಂದು ಬೀಜಕ್ಕೆ ಲೇಪಿಸುವವರಿಗೆ ಒಂದು ಮಾತು. ಪುಡಿ ಅಂಟಲೆಂದು ಕಾಯಿಸಿದ ಬೆಲ್ಲದ ಪಾಕ ಪೂರ್ತಿ ತಣ್ಣಗಾಗಲಿ, ಆಮೇಲೆ ಪುಡಿ ಬೆರೆಸಿ. ಲೇಪಿಸಿದ ಬೀಜವನ್ನು ನೆರಳಲ್ಲೇ ಒಣಗಿಸಿ, ಅವತ್ತೇ ಬಿತ್ತಿ. ಪೊಟ್ಟಣದೊಳಗೆ ಇರುವುದು ಜೀವ. ಬಿಸಿಲಿಗೆ ಹರವಿದರೆ ಸಾಯುತ್ತದೆ.