ದಂಡದ ಹಣ ಎಲ್ಲಿಗೆ ಹೋಗಬೇಕು?

ಕೇಳುಗರಿಗೆ ನಮಸ್ಕಾರ.

1994ರ ಜನವರಿ 17ರ ಬೆಳಗಿನ ಜಾವ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಲಾಸ್ ಏಂಜಲಿಸ್ ನಗರದ ನಾರ್ತ್‌ರಿಜ್ ಸುತ್ತಮುತ್ತ 6.7 ತೀವ್ರತೆಯ ಭೂಕಂಪವಾಯಿತು. ಕುಸಿದು ಬಿದ್ದ ಮನೆಯ ನಷ್ಟವನ್ನು ಲೆಕ್ಕ ಹಾಕುವುದು ಸುಲಭ. ನಿಂತೇ ಇರುವ ಮನೆಯದು ಕಷ್ಟ. ನೆಲಹಾಸನ್ನು ಎತ್ತಿ ನೋಡಿದರೆ ಕಾಂಕ್ರೀಟಿನಲ್ಲಿ ಉದ್ದಕ್ಕೆ ಓಡಿದ ಒಂದು ಬಿರುಕು, ನಿನ್ನೆಯವರೆಗೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ಕೂರುವುದಿಲ್ಲ. ವಿಮಾ ಕಂಪನಿಯಿಂದ ಬಂದವರು ಆ ಬಿರುಕನ್ನು ಭೂಕಂಪದ್ದೆಂದು ಬರೆದರೆ ತಳಪಾಯವನ್ನೇ ಸರಿಪಡಿಸುವ ಹಣ ಬರುತ್ತದೆ. ಹಳೆಯದೆಂದು ಬರೆದರೆ ಪಾಲಿಸಿದಾರರು ತಾವೇ ಮೊದಲು ಭರಿಸಬೇಕಾದ ಪಾಲಿನೊಳಗೇ ಎಲ್ಲವೂ ಮುಗಿದುಹೋಗುತ್ತದೆ. ಕ್ಲೇಮಿನ ಜಗಳವೆಲ್ಲ ಆ ಒಂದು ಪದದಲ್ಲಿದೆ.

ನಮ್ಮಲ್ಲಿ ವಿಮೆಗೆ ದೇಶಕ್ಕೆಲ್ಲ ಒಂದೇ ನಿಯಂತ್ರಣ ಪ್ರಾಧಿಕಾರವಿದ್ದು ಅದರ ಕಚೇರಿ ಹೈದರಾಬಾದಿನಲ್ಲಿದೆ. ಅಮೆರಿಕದಲ್ಲಿ ಹಾಗಲ್ಲ. 1945ರ ಮೆಕ್ಯಾರನ್-ಫರ್ಗುಸನ್ ಕಾಯಿದೆಯ ಪ್ರಕಾರ ಈ ಹೊಣೆ ಮುಖ್ಯವಾಗಿ ಆಯಾ ರಾಜ್ಯದ್ದು. ಕ್ಯಾಲಿಫೋರ್ನಿಯದ ಮತದಾರರು 1988ರಲ್ಲಿ 103ನೆಯ ಪ್ರಸ್ತಾವವನ್ನು ಅಂಗೀಕರಿಸಿ, ರಾಜ್ಯದಲ್ಲಿ ವಿಮಾ ಕಂಪನಿಗಳನ್ನು ನಿಯಂತ್ರಿಸುವ ವಿಮಾ ಆಯುಕ್ತರನ್ನು ತಾವೇ ಚುನಾಯಿಸುವ ಹಕ್ಕನ್ನು ಪಡೆದರು. ಅದೇ ವರ್ಷ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಮೊರಾಡಿ-ಶಲಾಲ್ ಪ್ರಕರಣದಲ್ಲಿ ಒಂದು ತೀರ್ಪು ನೀಡಿತು: ಕ್ಲೇಮುಗಳನ್ನು ಅನ್ಯಾಯವಾಗಿ ನಿರ್ವಹಿಸುವುದನ್ನು ನಿಷೇಧಿಸುವ ವಿಮಾ ಸಂಹಿತೆಯ ಕಲಮನ್ನೇ ಆಧಾರವಾಗಿಟ್ಟುಕೊಂಡು ಖಾಸಗಿ ವ್ಯಕ್ತಿ ಕಂಪನಿಯ ಮೇಲೆ ದಾವೆ ಹೂಡುವಂತಿಲ್ಲ, ಆ ಕಲಮನ್ನು ಜಾರಿಗೊಳಿಸುವುದು ಆಯುಕ್ತರ ಕೆಲಸ. ಪಾಲಿಸಿ ಒಪ್ಪಂದದ ಮೇಲೆ ದಾವೆ ಹೂಡುವ ಹಕ್ಕು ಉಳಿಯಿತು. ಕಲಮಿನ ಬಲ ಮಾತ್ರ ಒಂದೇ ಕೈಗೆ ಬಂತು. ಆ ಕೈ ಏನು ಮಾಡಬಹುದು, ಏನು ಮಾಡಬಾರದು ಎಂಬ ಪ್ರಶ್ನೆಗೆ ಇಷ್ಟು ತೂಕ ಬಂದದ್ದು ಇಲ್ಲಿಂದ.

1995ರಿಂದ ಆಯುಕ್ತರಾಗಿದ್ದವರು ಚಕ್ ಕ್ವಾಕೆನ್‌ಬುಷ್. ಭೂಕಂಪದ ಕ್ಲೇಮುಗಳ ಕಡತಗಳನ್ನು ಅವರ ವಿಮಾ ಇಲಾಖೆಯ ಸಿಬ್ಬಂದಿಯೇ ತಪಾಸಣೆ ಮಾಡಿ, ಹಲವು ಕಂಪನಿಗಳ ನಡವಳಿಕೆಯಲ್ಲಿ ಗಂಭೀರ ದೋಷಗಳನ್ನು ಕಂಡಿದ್ದರು. ಕಾನೂನು ಪ್ರತಿ ಉಲ್ಲಂಘನೆಗೆ 5,000 ಡಾಲರ್‌ವರೆಗೆ, ಬೇಕೆಂದೇ ಮಾಡಿದ್ದರೆ 10,000 ಡಾಲರ್‌ವರೆಗೆ ದಂಡಕ್ಕೆ ಅವಕಾಶ ಕೊಟ್ಟಿತ್ತು. ಆದರೆ ಬಹಿರಂಗ ವಿಚಾರಣೆ ನಡೆಯಲಿಲ್ಲ, ದಂಡ ಬೀಳಲಿಲ್ಲ. ಬದಲಿಗೆ ರಾಜಿಯಾಯಿತು, ಕಂಪನಿಗಳು ಸುಮಾರು 1.2 ಕೋಟಿ ಡಾಲರ್ ಹಣವನ್ನು ರಾಜ್ಯದ ಖಜಾನೆಗೆ ಕಟ್ಟದೆ, ಇದಕ್ಕೆಂದೇ ಹುಟ್ಟಿಕೊಂಡ ಲಾಭರಹಿತ ಪ್ರತಿಷ್ಠಾನಕ್ಕೆ ಕೊಟ್ಟವು. ಅದರ ಒಂದು ಭಾಗ ಆಯುಕ್ತರೇ ಕಾಣಿಸಿಕೊಂಡ ಟಿ.ವಿ. ಜಾಹೀರಾತುಗಳಿಗೆ ವೆಚ್ಚವಾಯಿತು. ತಪಾಸಣಾ ವರದಿಗಳು ಗೋಪ್ಯವಾಗಿದ್ದುದರಿಂದ, ಎಷ್ಟು ದೊಡ್ಡ ತಪ್ಪಿಗೆ ಎಷ್ಟು ಸಣ್ಣ ಬೆಲೆ ತೆತ್ತರು ಎಂಬುದು ಹೊರಗಿನವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಇಲಾಖೆಯ ವಕೀಲೆಯೊಬ್ಬರು ಕೆಲಸವನ್ನೇ ಪಣಕ್ಕಿಟ್ಟು ಆ ವರದಿಗಳನ್ನು ಶಾಸಕಾಂಗಕ್ಕೆ ಮುಟ್ಟಿಸಿದ ಮೇಲೆ ವಿಷಯ ಬಯಲಾಯಿತು. 2000ರ ಜೂನ್ ಕೊನೆಯಲ್ಲಿ ಆಯುಕ್ತರು ರಾಜೀನಾಮೆ ಘೋಷಿಸಿದರು. ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ ಎಂಬುದನ್ನೂ ಹೇಳಲೇಬೇಕು.

ರಾಜಿ ಮಾಡಿಕೊಳ್ಳುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರತಿ ಕಡತವನ್ನೂ ವಿಚಾರಣೆಗೆ ಎಳೆಯುತ್ತ ಕೂತರೆ ಯಾವ ಇಲಾಖೆಗೂ ಪೂರೈಸದು. ಆದರೆ ದಂಡವನ್ನು ವಿಧಿಸುವುದು ಸಾರ್ವಜನಿಕರ ಹೆಸರಿನಲ್ಲಿ. ಅದನ್ನು ಯಾರಿಗೆ ಕೊಡಬೇಕೆಂದು ಅಧಿಕಾರಿ ತಾನೇ ಆರಿಸುವಂತಾದರೆ ಅದು ದಂಡವಾಗಿ ಉಳಿಯುವುದಿಲ್ಲ, ದೇಣಿಗೆಯಾಗುತ್ತದೆ. ಹಗರಣದ ನಂತರ ವಿಮಾ ಸಂಹಿತೆಯ 12921ನೆಯ ಕಲಮು ಬಿಗಿಯಾಗಿ, ಆಯುಕ್ತರ ರಾಜಿಯಲ್ಲಿ ಏನೇನಿರಬಹುದು ಎಂಬುದಕ್ಕೆ ಮಿತಿ ಬಿತ್ತು.

ಇಷ್ಟಾದರೂ ಆ ಬಿರುಕು ಬಿಟ್ಟ ಮನೆಯವರ ಗತಿ ಏನು? ಆಯುಕ್ತರ ಅಧಿಕಾರ ಮುಟ್ಟದ ಜಾಗ ಇದೇ. ಪಾಲಿಸಿಯಲ್ಲಿ ದಾವೆ ಹೂಡಲು ಕೊಟ್ಟಿದ್ದ ಗಡುವು ಎಂದೋ ಮುಗಿದಿತ್ತು, ಮುಗಿದ ಗಡುವನ್ನು ಮತ್ತೆ ತೆರೆಯುವ ಶಕ್ತಿ ಯಾವ ಆಯುಕ್ತರಿಗೂ ಇರಲಿಲ್ಲ. ಕೊನೆಗೆ ಶಾಸಕಾಂಗವೇ ಹೊಸ ಕಾನೂನು ಮಾಡಿ, 2001ರ ಜನವರಿ 1ರಿಂದ ಒಂದು ವರ್ಷದ ಮಟ್ಟಿಗೆ ನಾರ್ತ್‌ರಿಜ್ ಕ್ಲೇಮುಗಳಿಗೆ ಮತ್ತೆ ಬಾಗಿಲು ತೆರೆಯಿತು. ಆ ಬಾಗಿಲಿನಲ್ಲಿ ಪ್ರವೇಶ ಸಿಕ್ಕಿದ್ದು, ಹಾನಿಯ ಬಗ್ಗೆ 2000ದ ಜನವರಿ 1ಕ್ಕೆ ಮೊದಲೇ ಕಂಪನಿಯನ್ನು ಸಂಪರ್ಕಿಸಿದ್ದವರಿಗೆ ಮಾತ್ರ. ನೆಲಹಾಸನ್ನು ಎತ್ತಿ ನೋಡದೆ, ಮನೆ ಗಟ್ಟಿಯಾಗಿದೆ ಎಂದು ನಂಬಿ ಸುಮ್ಮನಿದ್ದವರಿಗೆ ಅದು ತೆರೆಯಲಿಲ್ಲ.