ಬಾಯಲ್ಲಿ ಆರನೆಯ ಹಲ್ಲು

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಒಂಬತ್ತು ವರ್ಷದ ಮಗಳನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಕೆಳಗಿನ ದವಡೆ ಹಲ್ಲು ಪೂರ್ತಿ ಹುಳುಕಾಗಿತ್ತು. "ಹಾಲು ಹಲ್ಲು ಅಲ್ವಾ ಡಾಕ್ಟ್ರೇ? ಕಿತ್ತುಬಿಡಿ, ಬೇರೆ ಬರುತ್ತೆ" ಅಂದರು. ಅದು ಹಾಲು ಹಲ್ಲಾಗಿರಲಿಲ್ಲ. ಮತ್ತೆ ಹುಟ್ಟದ ಹಲ್ಲು. ಹಾಗೆಂದಾಗ ಅವರ ಮುಖ ಸಪ್ಪಗಾದದ್ದು ನನಗೆ ಇನ್ನೂ ನೆನಪಿದೆ.

ಈ ತಪ್ಪು ಯಾಕಾಗುತ್ತದೆ ಗೊತ್ತಾ? ಮಗುವಿಗೆ ಆರು ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ. ಮೇಲೆ ಎರಡು, ಕೆಳಗೆ ಎರಡು. ಅದು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರಿಗೂ ತಿಳಿಯುವುದೇ ಇಲ್ಲ. ಅದರ ಮೇಲೆ ಆಳವಾದ ಗೆರೆಗಳಿರುತ್ತವೆ, ತಿಂದದ್ದು ಅಲ್ಲೇ ಕೂರುತ್ತದೆ. ಈ ಗೆರೆಗಳನ್ನು ತೆಳುವಾಗಿ ಮುಚ್ಚುವ ಸೀಲೆಂಟ್ ಇದೆ. ಹುಳುಕು ಹಿಡಿಯುವ ಮೊದಲೇ ಹಾಕಿಸಿದರೆ ಒಳ್ಳೆಯದು.

ಹಾಗಾದರೆ ಹಾಲು ಹಲ್ಲು ಹೋದರೂ ಪರವಾಗಿಲ್ಲವಾ? ಖಂಡಿತ ಹಾಗಲ್ಲ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ಸರಿ. ಆದರೆ ದವಡೆಯ ಹಾಲು ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕು. ಕೆಳಗಿರುವ ಹಲ್ಲಿಗೆ ಅವು ಜಾಗ ಕಾಯುತ್ತಿರುತ್ತವೆ. ಬೇಗ ಕಿತ್ತರೆ ಪಕ್ಕದ ಹಲ್ಲು ವಾಲಿಕೊಂಡು ಬರುತ್ತದೆ, ಆಮೇಲೆ ಬರುವ ಹಲ್ಲು ಸೊಟ್ಟಗಾಗುತ್ತದೆ.

"ಹುಳ ತಿಂದಿದೆ" ಅನ್ನುತ್ತೇವೆ. ನಿಜವಾಗಿ ಹುಳ ಇಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುಳಿ ಮಾಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಆದ್ದರಿಂದ ಎಷ್ಟು ಸಿಹಿ ತಿಂದರು ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದರು ಅನ್ನುವುದೇ ಜಾಸ್ತಿ ಮುಖ್ಯ. ರಾತ್ರಿ ನಿದ್ದೆಯಲ್ಲಿ ಜೊಲ್ಲು ಕಡಿಮೆ, ತೊಳೆಯುವವರಿಲ್ಲ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳ ಮೇಲಿನ ಮುಂದಿನ ಹಲ್ಲುಗಳು ಕಪ್ಪಾಗುವುದು ಇದಕ್ಕೇ. ಬೆಳಿಗ್ಗೆ ಬ್ರಷ್ ಮಾಡಿಸುವ ನಾವು ರಾತ್ರಿಯದನ್ನು ಮರೆಯುತ್ತೇವೆ. ದಯವಿಟ್ಟು ರಾತ್ರಿಯದನ್ನು ಬಿಡಬೇಡಿ. ಫ್ಲೋರೈಡ್ ಇರುವ ಪೇಸ್ಟ್ ಸಾಕು. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಕೊಡಿ. ಇದ್ದಿಲು, ಇಟ್ಟಿಗೆ ಪುಡಿ ಬೇಡ, ಅವು ಹಲ್ಲನ್ನೇ ಸವೆಸುತ್ತವೆ.

ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂದು ಹೆದರಿ, ವರ್ಷಗಟ್ಟಲೆ ಕೀವು ನುಂಗಿಕೊಂಡು ಇರುವ ಹಿರಿಯರನ್ನು ನೋಡಿದ್ದೇನೆ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಭಯ ಬೇಡ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವುದೂ ಹಾಗೆಯೇ. ಸಡಿಲ ಮಾಡಿದ್ದು ಒಸಡಿನ ಕೆಳಗೆ ಗಟ್ಟಿಯಾದ ಪಾಚಿ. ಅದನ್ನು ತೆಗೆದಾಗ ಸಡಿಲವಾಗಿದ್ದದ್ದು ನಮಗೆ ಗೊತ್ತಾಗುತ್ತದೆ, ಅಷ್ಟೆ.

ಇವತ್ತು ರಾತ್ರಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೊಬೈಲ್ ಟಾರ್ಚ್ ಹಾಕಿ ಬಾಯಿ ನೋಡಿ. ನಡುವಿನಿಂದ ಹಿಂದಕ್ಕೆ ಒಂದು, ಎರಡು ಎಂದು ಎಣಿಸಿ. ಐದರವರೆಗೆ ಹಾಲು ಹಲ್ಲಿನ ಜಾಗ. ಆರನೆಯದು ಕಂಡರೆ ಅದು ಕೊನೆಯವರೆಗೂ ಬಾಳಬೇಕಾದ ಹಲ್ಲು. ಅದರ ಮೇಲೆ ಕಪ್ಪು ಚುಕ್ಕೆ ಇದ್ದರೆ, ನೋವು ಬರಲಿ ಎಂದು ಕಾಯದೆ ಹಲ್ಲಿನ ಡಾಕ್ಟರಿಗೆ ತೋರಿಸಿ.

ನಮಸ್ಕಾರ.