ಹೋರ್ಸ್ಟ್ ಯಾನ್ಸೆನ್: ಕಾಗದವನ್ನು ಬಿಡದ ಕಲಾವಿದ

ಎಲ್ಲರಿಗೂ ನಮಸ್ಕಾರ.

1959ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ಡಾಕ್ಯುಮೆಂಟಾ ಎಂಬ ದೊಡ್ಡ ಆಧುನಿಕ ಕಲಾಪ್ರದರ್ಶನ ಎರಡನೇ ಬಾರಿ ನಡೆಯಿತು. ದೊಡ್ಡ ದೊಡ್ಡ ಕ್ಯಾನ್ವಾಸ್‌ಗಳು, ಅವುಗಳ ತುಂಬ ಅಮೂರ್ತ ಬಣ್ಣ. ನಾತ್ಸಿಗಳು ಮನುಷ್ಯರೂಪವನ್ನು ಪ್ರಚಾರಕ್ಕೆ ದುಡಿಸಿಕೊಂಡಿದ್ದರಿಂದ, ರೂಪವಿರುವ ಚಿತ್ರವೆಂದರೇ ಯುದ್ಧಾನಂತರದ ಪಶ್ಚಿಮ ಜರ್ಮನಿಗೆ ಒಂದು ಬಗೆಯ ಅನುಮಾನ. ಸರಿಯಾಗಿ ಅದೇ ಹೊತ್ತಿಗೆ ಹ್ಯಾಂಬರ್ಗ್‌ನಲ್ಲಿ ಮೂವತ್ತರ ಹರೆಯದ ಒಬ್ಬ ಮನುಷ್ಯ ಲೋಹದ ತಗಡಿನ ಮೇಲೆ ಬಗ್ಗಿ, ಸೂಜಿಯಿಂದ ಮುಖಗಳನ್ನು ಕೊರೆಯುತ್ತಿದ್ದ. ಅವನೇ ಹೋರ್ಸ್ಟ್ ಯಾನ್ಸೆನ್.

ಹುಟ್ಟಿದ್ದು 1929ರ ನವೆಂಬರ್ 14ರಂದು, ಹ್ಯಾಂಬರ್ಗ್‌ನಲ್ಲಿ. ತಾಯಿ ಮಾರ್ಥಾ ಬಟ್ಟೆ ಹೊಲಿಯುತ್ತಿದ್ದವಳು. ತಂದೆಯನ್ನು ಅವನು ಕಂಡವನಲ್ಲ. ಬೆಳೆದದ್ದು ಓಲ್ಡೆನ್‌ಬುರ್ಗ್‌ನಲ್ಲಿ, ಅಜ್ಜ-ಅಜ್ಜಿಯ ಮನೆಯಲ್ಲಿ; ಅಜ್ಜನೂ ದರ್ಜಿ. 1942ರಲ್ಲಿ ಹಾಸೆಲ್ಯೂನೆ ಎಂಬ ಊರಿನ ನಾತ್ಸಿ ವಸತಿಶಾಲೆ ಸೇರಿದ. ಮರುವರ್ಷ ತಾಯಿ ಕ್ಷಯದಿಂದ ತೀರಿಕೊಂಡಳು. ಹುಡುಗರನ್ನು ಆಡಳಿತಕ್ಕೆ, ಸೇನೆಗೆ ಅಣಿಗೊಳಿಸುವ ಅಂಥ ಶಾಲೆಯಲ್ಲೂ ಇವನ ಕೈ ಗುರುತಿಸಿದ ಚಿತ್ರಕಲೆಯ ಮೇಷ್ಟ್ರೊಬ್ಬರಿದ್ದರು, ಹಾನ್ಸ್ ವೀನ್‌ಹೌಸೆನ್. ಚಿಕ್ಕಮ್ಮ ಆನ್ನಾ ಅವನನ್ನು ದತ್ತು ತೆಗೆದುಕೊಂಡಳು; ಯುದ್ಧ ಮುಗಿದ ಮೇಲೆ ಅವನು ಹ್ಯಾಂಬರ್ಗ್‌ಗೆ ಹೋದ. ಬಾಂಬಿಗೆ ಸುಟ್ಟು ಬೂದಿಯಾಗಿದ್ದ ನಗರ ಅದು. ಅಲ್ಲಿನ ಕಲಾಶಾಲೆಯಲ್ಲಿ 1946ರಿಂದ ಆಲ್ಫ್ರೆಡ್ ಮಾಲೌ ಅವನ ಗುರು.

ಮಾಲೌ ಸ್ವತಃ ಗ್ರಾಫಿಕ್ ವಿನ್ಯಾಸಕಾರ. ಲ್ಯೂಬೆಕ್‌ನ ಹೆಸರಾಂತ ಮಾರ್ಜಿಪಾನ್ ಮಿಠಾಯಿಯ ಡಬ್ಬಿಗೆ ರೂಪ ಕೊಟ್ಟವರೂ ಅವರೇ! ನೋಡುವುದನ್ನು ಕಲಿಸುವುದು ಅವರ ಕ್ರಮ: ಎದುರಿಗಿರುವ ವಸ್ತು ಎಷ್ಟೇ ಚಿಕ್ಕದಿರಲಿ, ಒಣಗಿದ ಎಲೆಯೇ ಇರಲಿ, ಅದರ ನರ ನರವನ್ನೂ ನೋಡಿ ಬರೆಯಬೇಕು. ಯಾನ್ಸೆನ್ ಆಮೇಲೆ ಏನೇನೋ ಆದ. ಈ ಪಾಠವನ್ನು ಮಾತ್ರ ಬಿಡಲಿಲ್ಲ. ಬಾಡಿದ ಹೂವು, ಸತ್ತ ಹಕ್ಕಿ ಅವನ ಕಾಗದದ ಮೇಲೆ ಮತ್ತೆ ಮತ್ತೆ ಬರುತ್ತವೆ.

1950ರ ದಶಕದಲ್ಲಿ ಮೊದಲು ದೊಡ್ಡ ಬಣ್ಣದ ಮರದಚ್ಚುಗಳನ್ನು ಮಾಡಿದ, ಆಶಾಫೆನ್‌ಬುರ್ಗ್‌ನಲ್ಲಿ ಕಲ್ಲಚ್ಚನ್ನೂ (ಲಿಥೋಗ್ರಾಫ್) ಮಾಡಿದ. ಎಚ್ಚಿಂಗ್ ಕಲಿತದ್ದು 1957ರ ಸುಮಾರಿಗೆ, ಗೆಳೆಯ ಪೌಲ್ ವುಂಡರ್‌ಲಿಷ್‌ನಿಂದ. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಯಾನ್ಸೆನ್‌ನ ಸ್ವಭಾವಕ್ಕೆ ಈ ಮಾಧ್ಯಮ ಹೇಗೆ ಕೂಡಿಬಂತು ಎನ್ನುವುದರಲ್ಲೇ ಅವನ ಕಥೆಯ ಮುಖ್ಯ ಭಾಗವಿದೆ.

ಗ್ರಾಫಿಕ್ಸ್ ವಿಭಾಗದವರಿಗೆ ಇದು ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ತಗಡಿನ ಮೇಲೆ ಮೇಣದಂಥ ಲೇಪ ಹಚ್ಚುತ್ತಾರೆ. ಸೂಜಿಯಿಂದ ಗೀಚಿದಲ್ಲೆಲ್ಲ ಲೇಪ ಹೋಗಿ ಲೋಹ ಕಾಣುತ್ತದೆ. ಆಸಿಡ್‌ನಲ್ಲಿ ಮುಳುಗಿಸಿದರೆ ಅಷ್ಟು ಭಾಗವನ್ನು ಆಸಿಡ್ ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳವಾಗಿ, ಅಚ್ಚಿನಲ್ಲಿ ಕಪ್ಪಾಗುತ್ತದೆ; ಬೇಗ ತೆಗೆದರೆ ಕೂದಲೆಳೆಯಷ್ಟು ತೆಳು. ಆಮೇಲೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಪ್ರೆಸ್‌ನಲ್ಲಿ ಒತ್ತುವುದು. ಮರದಚ್ಚಿನಲ್ಲಿ ಉಳಿಗೆ ಮರ ಎದುರು ನಿಲ್ಲುತ್ತದೆ. ಎಚ್ಚಿಂಗ್‌ನಲ್ಲಿ ಸೂಜಿ ಪೆನ್ಸಿಲ್‌ನಂತೆ ಜಾರುತ್ತದೆ. ಒಂದೇ ರಾತ್ರಿಯಲ್ಲಿ ಹತ್ತಾರು ಬಾರಿ ಮನಸ್ಸು ಬದಲಿಸುವ ಯಾನ್ಸೆನ್‌ನಂಥವನಿಗೆ ಆ ವೇಗ ಬೇಕಿತ್ತು. ಗೆರೆಯ ಕೊನೆಯ ಬಣ್ಣವನ್ನು ಆಸಿಡ್‌ನ ಕೈಗೆ ಬಿಡುವ ಜೂಜೂ ಅವನಿಗೆ ಹಿಡಿಸಿರಬೇಕು, ಇದು ನನ್ನ ಊಹೆ.

ಇನ್ನೊಂದು ಸ್ವಾರಸ್ಯವಿದೆ. ಕನ್ನಡಿ ನೋಡಿ ತನ್ನ ಮುಖ ಬರೆದುಕೊಳ್ಳುವವನಿಗೆ ಎಡ-ಬಲ ಅದಲು ಬದಲಾಗಿ ಕಾಣುತ್ತದೆ. ಅಚ್ಚು ಅದನ್ನು ಮತ್ತೊಮ್ಮೆ ತಿರುಗಿಸುತ್ತದೆ. ಅಂದರೆ ಕನ್ನಡಿಯಿಂದ ನೇರವಾಗಿ ತಗಡಿಗೆ ಇಳಿಸಿದ ಆತ್ಮಚಿತ್ರ, ಕಾಗದದ ಮೇಲೆ ಬರುವಾಗ ಊರವರು ಅವನನ್ನು ಕಾಣುವ ಹಾಗೆಯೇ ಬರುತ್ತದೆ. ಯಾನ್ಸೆನ್ ತನ್ನ ಮುಖವನ್ನು ಬರೆದಷ್ಟು ಬೇರೆ ಯಾವುದನ್ನೂ ಬರೆದಿರಲಾರ. ಊದಿದ ಕಣ್ಣು, ಜೋತ ಕೆನ್ನೆ, ಅರ್ಧ ಕರಗಿದಂಥ ತುಟಿ. ಅವನ ಕುಡಿತ, ಜಗಳ, ಮುರಿದ ಮದುವೆಗಳು ಪತ್ರಿಕೆಗಳಿಗೆ ಒಳ್ಳೆಯ ಸುಗ್ಗಿಯಾಗಿದ್ದವು. ನನಗೆ ಆ ಪುರಾಣದಲ್ಲಿ ಆಸಕ್ತಿ ಕಡಿಮೆ. ಅವನ ಜೊತೆ ಬದುಕಿದ ಹೆಂಗಸರಿಗೆ ಅದು ಪುರಾಣವಾಗಿರಲಿಲ್ಲ ಎಂಬುದನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ.

1965ರಲ್ಲಿ ಹಾನೋವರ್‌ನ ಕೆಸ್ಟ್ನರ್ ಸಂಸ್ಥೆಯಲ್ಲಿ ವೀಲಾಂಡ್ ಶ್ಮೀಡ್ ಏರ್ಪಡಿಸಿದ ಪ್ರದರ್ಶನ ಬೇರೆ ಊರುಗಳಿಗೂ ಹೋಯಿತು. 1968ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದ ಗ್ರಾಫಿಕ್ಸ್ ಬಹುಮಾನ ಬಂತು. ಅಷ್ಟರಲ್ಲಿ ಅವನು ಎಲ್ಬೆ ನದಿಯ ದಂಡೆಯ ಬ್ಲಾಂಕೆನೆಸೆಗೆ ಮನೆ ಬದಲಿಸಿದ್ದ. ಕೀರ್ತಿ ಬಂದ ಮೇಲೆ ಒಂದೇ ಶೈಲಿಗೆ ಅಂಟಿಕೊಳ್ಳುವವರು ಬಹಳ. ಇವನು ಹಾಗೆ ಮಾಡಲಿಲ್ಲ, ನಿಸರ್ಗದೃಶ್ಯಗಳಿಗೆ ತಿರುಗಿದ.

1972ರಲ್ಲಿ ಎರಡು ಎಚ್ಚಿಂಗ್ ಮಾಲೆಗಳು ಬಂದವು. ಒಂದು 'ಹೊಕುಸಾಯ್‌ನ ಅಡ್ಡಾಟ'; ಹೊಕುಸಾಯ್ ಜಪಾನಿನ ಹಳೆಯ ಮರದಚ್ಚಿನ ಕಲಾವಿದ. ಇನ್ನೊಂದು 'ಹಾನೋನ ಸಾವು'. ಹಾನೋ ಎಂದರೆ ಜರ್ಮನ್ ಲೇಖಕ ಥಾಮಸ್ ಮಾನ್ ಅವರ ಮೊದಲ ಕಾದಂಬರಿಯ ಹುಡುಗ; ಅದರಲ್ಲಿ ಟೈಫಾಯ್ಡ್‌ನಿಂದ ಸಾಯುವ ಅವನ ನೆಪದಲ್ಲಿ ಯಾನ್ಸೆನ್ ತನ್ನ ಮುಖವನ್ನೇ ಸಾವಿನತ್ತ ಜಾರಿಸಿದ. ಹೊಕುಸಾಯ್, ರೆಂಬ್ರಾಂಟ್, ಗೋಯಾ ಮುಂತಾದ ಹಿಂದಿನ ಕಲಾವಿದರನ್ನೆಲ್ಲ ಯಾನ್ಸೆನ್ ನಕಲು ಮಾಡಿದ, ಮುಚ್ಚುಮರೆಯಿಲ್ಲದೆ. ಹೊಸತು ಹೊಸತು ಎಂದು ಎಲ್ಲರೂ ಓಡುತ್ತಿದ್ದಾಗ ಇದನ್ನು ಹಿಮ್ಮುಖ ನಡೆ ಎಂದವರಿದ್ದರು. ನಾನು ಒಪ್ಪುವುದಿಲ್ಲ. ಒಂದೇ ರಾಗವನ್ನು ಹಿರಿಯರು ಹಾಡಿದ್ದಾರೆಂದು ನಮ್ಮ ಗಾಯಕರು ಬಿಡುತ್ತಾರೆಯೇ? ಯಾನ್ಸೆನ್‌ನ ನಕಲಿನಲ್ಲಿ ಮೂಲದ ಗೆರೆ ಅರ್ಧ ದಾರಿಯಲ್ಲಿ ಅವನದಾಗುತ್ತದೆ, ಎಲ್ಲಿ ಆಯಿತೆಂದು ಹುಡುಕುವುದೇ ನೋಡುವವರ ಸುಖ. ಅವನ ತಗಡುಗಳನ್ನು ಅಚ್ಚು ಹಾಕುತ್ತಿದ್ದ ಹಾರ್ಟ್ಮುಟ್ ಫ್ರೀಲಿಂಗ್‌ಹೌಸ್‌ಗೂ ಇದರಲ್ಲಿ ಪಾಲಿದೆ. ಮಸಿ ಎಷ್ಟು ಒರೆಸಬೇಕು ಎನ್ನುವ ಕೈಯಳತೆ ಅಚ್ಚಿನವನದು.

1990ರ ಮೇ ತಿಂಗಳಲ್ಲಿ ಬ್ಲಾಂಕೆನೆಸೆಯ ಮನೆಯ ಬಾಲ್ಕನಿ ಕುಸಿದು ಯಾನ್ಸೆನ್ ಕೆಳಗೆ ಬಿದ್ದ. ಎಚ್ಚಿಂಗ್‌ಗೆ ಇಟ್ಟಿದ್ದ ಆಸಿಡ್ ಮೇಲೆ ಬಿದ್ದು ಕಣ್ಣು ಹೋಗುವಂತಾಯಿತು. ದೃಷ್ಟಿ ಮರಳಿತು, ಮತ್ತೆ ಕೆಲಸಕ್ಕೆ ಕೂತ. 1992ರಲ್ಲಿ ಓಲ್ಡೆನ್‌ಬುರ್ಗ್ ಅವನನ್ನು ಗೌರವ ನಾಗರಿಕನನ್ನಾಗಿ ಮಾಡಿತು. 1995ರ ಆಗಸ್ಟ್ 31ರಂದು ತೀರಿಕೊಂಡ. ಮಣ್ಣು ಮಾಡಿದ್ದು ಓಲ್ಡೆನ್‌ಬುರ್ಗ್‌ನಲ್ಲೇ. 2000ದ ನವೆಂಬರ್‌ನಲ್ಲಿ ಅಲ್ಲಿ ಅವನ ಹೆಸರಿನ ಮ್ಯೂಸಿಯಂ ತೆರೆಯಿತು.

ಇನ್ನು ಸ್ಲೈಡ್‌ಗಳನ್ನು ನೋಡೋಣ. ಹಿಂದಿನ ಸಾಲಿನವರು ದಯವಿಟ್ಟು ಮುಂದೆ ಬನ್ನಿ, ಗೆರೆಗಳು ತುಂಬ ಸಣ್ಣವು.